ಎರಡನೆಯ ಮೂಗು

ಭಾನುವಾರ, ನಾರ್ಲೇನ್. ಗ್ಯಾರೇಜಿನ ಶಟರ್ ಅರ್ಧ ಎತ್ತಿದೆ.
ಫಾಲ್ಕನ್ನಿನ ಹೊಟ್ಟೆಯಡಿ ಮೇದಿನಿ ಅಂಗಾತ ಮಲಗಿದ್ದಾಳೆ.
ಕಾಣುವುದು ಬೂಟು ಮಾತ್ರ, ಕೇಳುವುದು ಆಜ್ಞೆ:
'ಅಪ್ಪಾ, ಇಪ್ಪತ್ತೆರಡರ ಸಾಕೆಟ್. ಸೀಳಿರೋದು.'

ಸೀಳಿರೋದು ಯಾಕೆಂದರೆ ವೈರಿಗೆ ದಾರಿ ಬೇಕು.
ಅಷ್ಟು ನನಗೂ ಗೊತ್ತು. ಈ ಎಂಜಿನ್ ಹುಟ್ಟಿದ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷ ನಿಂತು ದುಡಿದವನು.
ಕಾರ್ಖಾನೆ ಮುಚ್ಚಿತು. ಎಂಜಿನ್ ಇನ್ನೂ ಉಸಿರಾಡುತ್ತಿದೆ.

ಹೋದ ತಿಂಗಳು ಹಳೆಯ ಸೈಲೆನ್ಸರ್ ಕಿತ್ತಳು,
ನಡುವೆ ಹೊಗೆ ತೊಳೆಯುವ ಕ್ಯಾಟಲಿಟಿಕ್ ಡಬ್ಬಿಯನ್ನೂ ಕಿತ್ತಳು;
ಎರಡೂವರೆ ಇಂಚಿನ ಸ್ಟೀಲ್ ಕೊಳವೆ, ನೇರ ಬಾಲದವರೆಗೆ.
ಪೊಲೀಸ್ ಹಿಡಿದರೆ ದಂಡ, ಅದೂ ಗೊತ್ತು ಅವಳಿಗೆ.
ಸದ್ದು ಕೇಳಿ ಮೂರನೇ ಮನೆಯ ಟ್ರೆವರ್
ಬೇಲಿಯ ಮೇಲಿಂದ ಹೆಬ್ಬೆರಳೆತ್ತಿದ.
ಎದುರುಮನೆಯ ಕ್ರೊಯೇಷಿಯನ್ ಅಜ್ಜಿ ಎತ್ತಿದ್ದು ಬೇರೆ ಬೆರಳು.

ಅಂದಿನಿಂದ ಡ್ಯಾಶ್‌ಬೋರ್ಡಿನಲ್ಲಿ ಅರಿಶಿನದ ಬೊಟ್ಟಿನಂಥ ದೀಪ.
ಆರಿಸಿದರೆ ಮರುದಿನ ಹತ್ತುತ್ತದೆ.

ಈ ಗಾಡಿಗೆ ಎರಡು ಮೂಗು.
ಮೊದಲನೆಯದು ಎಂಜಿನ್ನಿನ ಬಾಯ ಬಳಿ:
ಪೆಟ್ರೋಲು ಹೆಚ್ಚಾಯಿತು, ಕಮ್ಮಿಯಾಯಿತು ಎಂದು
ಬಿಡುವಿಲ್ಲದೆ ಗೊಣಗುವ, ಉಪ್ಪು ನೋಡುವ ಅತ್ತೆ.
ಎರಡನೆಯದು ಡಬ್ಬಿಯಾಚೆ ಸುಮ್ಮನೆ ಕೂತ ಸಾಕ್ಷಿ:
ಹೊಗೆ ಮಡಿಯಾಗಿ ಬಂತೋ ಇಲ್ಲವೋ, ಅಷ್ಟೇ ಅದರ ಕೆಲಸ.
ಡಬ್ಬಿಯಿಲ್ಲ. ಸಾಕ್ಷಿ ಇದ್ದದ್ದನ್ನು ಇದ್ದಂತೆ ಹೇಳಿದೆ.

'ಸ್ಪೇಸರ್ ಹಾಕಿದರಾಯಿತು,' ಎನ್ನುತ್ತಾಳೆ ಕೆಳಗಿನಿಂದ.
ಹೆಬ್ಬೆರಳುದ್ದದ ಪೊಳ್ಳು ಬೋಲ್ಟು. ಸೆನ್ಸರನ್ನು ಹರಿವಿನಿಂದ
ಒಂದು ಅಂಗುಲ ಹಿಂದಕ್ಕೆಳೆದು ಕೂರಿಸುತ್ತದೆ;
ಅದಕ್ಕೆ ಆಮೇಲೆ ಸಿಗುವುದು ಹೊಗೆಯಲ್ಲ, ಹೊಗೆಯ ಸುದ್ದಿ.
ಮೂಗಿಗೆ ತುಪ್ಪ ಸವರುವುದು ಅಂತ ನಮ್ಮ ಕಡೆ ಅನ್ನುವುದನ್ನು
ಇಲ್ಲಿ ಮೂವತ್ತು ಡಾಲರಿಗೆ ಪೊಟ್ಟಣ ಕಟ್ಟಿ ಮಾರುತ್ತಾರೆ.

ಎಂಜಿನ್ ಹತ್ತು ನಿಮಿಷ ಓಡಿಸಿ, ಬಿಸಿಯಲ್ಲೇ ತಿರುಗಿಸಿ ಬಿಚ್ಚಿ
ಸೆನ್ಸರನ್ನು ನನ್ನ ಕೈಗವಸಿಗೆ ಹಾಕಿದಳು.
ಬೀಳಿಸಬೇಡ ಅಂದಳು, ಒಳಗೆ ಪಿಂಗಾಣಿ.
ತುದಿ ಮುಟ್ಟಬೇಡ, ಬೆರಳ ಜಿಡ್ಡು ಆಗಲ್ಲ ಅದಕ್ಕೆ;
ಥ್ರೆಡ್ಡಿಗೆ ಮಾತ್ರ ತಾಮ್ರದ ಗ್ರೀಸು, ಬೊಟ್ಟಿನಷ್ಟು.
ಮಸಿ ಹಿಡಿದ ತೂತು ತೂತಿನ ಟೋಪಿ.
ಆರಿದ ಮೇಲೆ ಮೂಸಿದೆ.

ಏನೂ ಇಲ್ಲ.

ಎರಡು ವರ್ಷದಿಂದ ಏನೂ ಇಲ್ಲ. ಆ ಜ್ವರ ಬಂದು ಹೋಗುವಾಗ
ಕೊಂಡುಹೋದದ್ದನ್ನು ತಂದುಕೊಟ್ಟಿಲ್ಲ.
ಕೊರಾಯೊ ರಿಫೈನರಿಯ ಗಾಳಿ ಈ ಕಡೆ ತಿರುಗಿದರೆ
ಬೀದಿಯೆಲ್ಲ ಮೂಗು ಮುಚ್ಚುತ್ತದೆ,
ನಾನೂ ಮುಚ್ಚುತ್ತೇನೆ, ಒಂದು ಕ್ಷಣ ತಡವಾಗಿ.
ಸರ್ವಮಂಗಳ ಇಂಗಿನ ಒಗ್ಗರಣೆ ಹಾಕಿ ತಿರುಗಿ ನೋಡಿದರೆ
'ಆಹಾ' ಎನ್ನುತ್ತೇನೆ, ಚುಂಯ್ ಸದ್ದು ಕೇಳಿ ಅಳೆದ ಆಹಾ.
ಹೋದ ಬುಧವಾರ ಹಾಲು ಸೀದು ಪಾತ್ರೆ ಕರ್ರಗಾಗುವ ತನಕ
ಪಕ್ಕದಲ್ಲೇ ಕೂತು ಪೇಪರು ಓದಿದೆ.
ಮೈಮರೆವು ಬಂತು ನಿಮಗೆ ಎಂದಳು.
ಹೌದು ಎಂದೆ.

'ಅಪ್ಪಾ. ಸ್ಪೇಸರ್.'
ಅದು ನನ್ನ ಜೇಬಿನಲ್ಲೇ ಇತ್ತು, ಮೈಬಿಸಿಗೆ ಬೆಚ್ಚಗಾಗಿ.
'ಮೊದಲು ಇದನ್ನ ಮೂಸಿ ಹೇಳು,' ಎಂದೆ, 'ಯಾವ ವಾಸನೆ?'
ಜಾರಿ ಹೊರಬಂದಳು, ಹಣೆಗೆ ಎಣ್ಣೆ ಮೆತ್ತಿಕೊಂಡು.
'ಹಸಿ ಪೆಟ್ರೋಲು. ಇಷ್ಟು ಜೋರಾಗಿದೆ, ನಿಂಗೆ ಬರ್ತಿಲ್ವಾ?'

'ಇಲ್ಲ.'

ಎದ್ದು ಕೂತಳು. ಸಾಕೆಟ್ ಕಾಂಕ್ರೀಟಿನ ಮೇಲಿಟ್ಟಳು,
ಸದ್ದಾಗದ ಹಾಗೆ.
'ಅಮ್ಮನಿಗೆ ಗೊತ್ತಾ?'

ಅಡುಗೆಮನೆಯ ಕಿಟಕಿ ತೆರೆದಿದೆ. ಒಳಗೆ ಏನೋ ಚಟಪಟ.
ಸಾಸಿವೆ ಇರಬೇಕು.
ಸದ್ದಂತೂ ಸಾಸಿವೆಯದೇ.